ಪಣಂಬೂರಿನಲ್ಲಿ ನಿಂತ ನನ್ನ ಸಿಲ್ವರ್ ಓಕ್ ಪ್ಯಾಲೆಟ್ಟುಗಳು

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ತೋಟ. ಬೆಳೆದ ಕಾಫಿಯನ್ನು ವ್ಯಾಪಾರಿಗೆ ತೂಗಿ ಕೊಟ್ಟು ಸುಮ್ನೆ ಇರುತ್ತಿದ್ದೆವು. ಒಮ್ಮೆ ಜರ್ಮನಿಯ ಒಬ್ಬ ಸಣ್ಣ ರೋಸ್ಟರ್ (ಕಾಫಿ ಹುರಿದು ಮಾರುವವ) 60 ಕೆಜಿಯ 40 ಚೀಲ ಅರೇಬಿಕಾ ಕೇಳಿದ. ಈ ಸಲ ನಾವೇ ಕಳಿಸೋಣ ಅಂತ ಹೊರಟೆ.

ಕಾಗದ ಅಂದರೆ ಭಯ ಇತ್ತು. ಆದರೆ ಮೊದಲ ಹಂತ ಸಲೀಸಾಗಿಯೇ ಆಯಿತು. ಆಮದು-ರಫ್ತಿಗೆ ಬೇಕಾದ ಐಇಸಿ ನಂಬರ್ ಅಂದರೆ ನಮ್ಮ ಪ್ಯಾನ್ ನಂಬರೇ. ಆನ್‌ಲೈನ್ ಅರ್ಜಿ, 500 ರೂಪಾಯಿ ಶುಲ್ಕ. ಕಾಫಿ ಬೋರ್ಡಿನಲ್ಲಿ ರಫ್ತುದಾರ ಅಂತ ನೋಂದಣಿ, ಆಮೇಲೆ ಈ ಸರಕಿಗೆ ಪರ್ಮಿಟ್ಟು, ಕಾಫಿ ಯಾವ ದೇಶದ್ದು ಅಂತ ಹೇಳುವ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಮೂಲ ಪ್ರಮಾಣಪತ್ರ. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ಹಣ ಬರುವ ಬ್ಯಾಂಕಿನ ಗುರುತು ಸಂಖ್ಯೆ) ಪತ್ರ ತಂದು ನವ ಮಂಗಳೂರು ಬಂದರಿಗೆ ನೋಂದಾಯಿಸಬೇಕು. ಇದೊಂದು ಆಗದಿದ್ದರೆ ಕಸ್ಟಮ್ಸಿಗೆ ಕೊಡುವ ರಫ್ತು ಅರ್ಜಿ, ಅಂದರೆ ಶಿಪ್ಪಿಂಗ್ ಬಿಲ್ಲೇ ಹಾಕಲು ಬರುವುದಿಲ್ಲ. ಎಚ್‌ಎಸ್ ಕೋಡ್ ಅಂದರೆ ಸರಕು ಯಾವುದು ಅಂತ ಕಸ್ಟಮ್ಸಿಗೆ ಹೇಳುವ ಸಂಖ್ಯೆ. ಅದರ ಮೊದಲ ಆರು ಅಂಕಿ 090111, ಅಂದರೆ ಹುರಿಯದ, ಕೆಫೀನ್ ತೆಗೆಯದ ಕಾಫಿ. ಕೊನೆಯ ಎರಡು ಅಂಕಿ ಬಗೆ ಮತ್ತು ಗ್ರೇಡಿಗೆ. ಅದನ್ನು, ಸಿಪ್ಪೆ ಸುಲಿದು ಗ್ರೇಡ್ ಮಾಡಿಕೊಡುವ ಕ್ಯೂರಿಂಗ್ ವರ್ಕ್ಸ್‌ನವರ ಔಟ್‌ಟರ್ನ್ ರಿಪೋರ್ಟ್ (ಯಾವ ಗ್ರೇಡ್ ಎಷ್ಟು ಬಂತು ಅನ್ನುವ ಲೆಕ್ಕ) ಮುಂದಿಟ್ಟುಕೊಂಡೇ ಬರೆದೆ.

ನಾನು ಎಡವಿದ್ದು ಕಾಫಿಯಲ್ಲಿ ಅಲ್ಲ, ಅದರ ಕೆಳಗಿನ ಮರದಲ್ಲಿ.

ಚೀಲಗಳನ್ನು ಪ್ಯಾಲೆಟ್ ಮೇಲೆ, ಅಂದರೆ ಸರಕು ಪೇರಿಸುವ ದೊಡ್ಡ ಮಣೆಯ ಮೇಲೆ ಕಳಿಸಿ ಅಂದಿದ್ದ ಆ ರೋಸ್ಟರ್. ತೋಟದ ತುಂಬ ಸಿಲ್ವರ್ ಓಕ್ ಇರುವಾಗ ದುಡ್ಡು ಯಾಕೆ ಕೊಡಬೇಕು? ನಮ್ಮ ಆಚಾರಿ ನಾಲ್ಕು ಪ್ಯಾಲೆಟ್ ಮಾಡಿಕೊಟ್ಟರು. ಉಜ್ಜಿ ಉಜ್ಜಿ ಎಷ್ಟು ನುಣ್ಣಗೆ ಮಾಡಿದ್ದರು ಅಂದರೆ ಮೇಲೆ ಊಟಕ್ಕೆ ಎಲೆ ಹಾಕಬಹುದಿತ್ತು. ಒಂದೊಂದರ ಮೇಲೆ ಹತ್ತು ಚೀಲ ಕಟ್ಟಿ, ಸಂಪಾಜೆ ಘಾಟಿ ಇಳಿಸಿ ಪಣಂಬೂರಿನ ಆ ಬಂದರಿಗೆ ಕಳಿಸಿದೆವು.

ಮಧ್ಯಾಹ್ನ ಕಸ್ಟಮ್ಸ್ ಬ್ರೋಕರ್ ಫೋನ್. "ಮಾರಾಯ್ರೆ, ಪ್ಯಾಲೆಟ್ಟಿಗೆ ಸೀಲೇ ಇಲ್ಲ ಅಲ್ವಾ?"

ಯಾವ ಸೀಲು? ಮರದ ಪ್ಯಾಕಿಂಗಿಗೆ ಇರುವ ಅಂತರರಾಷ್ಟ್ರೀಯ ನಿಯಮದ ಐಎಸ್‌ಪಿಎಂ 15 ಮುದ್ರೆ. ಗೋಧಿ ತೆನೆಯಂಥ ಗುರುತು, ಪಕ್ಕದಲ್ಲಿ ಐಎನ್ ಅಂತ ದೇಶದ ಕೋಡ್, ಮರಕ್ಕೆ ಉಪಚಾರ ಮಾಡಿದವರ ನಂಬರ್, ಕೊನೆಗೆ ಎಚ್‌ಟಿ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಾಗಿದೆ ಅಂತ ಅದರ ಅರ್ಥ. ಹಸಿ ಮರದೊಳಗೆ ಕೂತು ಹುಳ ದೇಶ ದಾಟಬಾರದು, ಅಷ್ಟೇ. ಕಾಂಡಕೊರಕಕ್ಕೆ ಅರೇಬಿಕಾ ಗಿಡ ಕಿತ್ತು ಸುಟ್ಟವನಿಗೆ ಇದನ್ನು ಬಿಡಿಸಿ ಹೇಳಬೇಕೆ! ಆದರೂ ಹೊಳೆದಿರಲಿಲ್ಲ. ಪ್ಲಾಸ್ಟಿಕ್ ಅಥವಾ ಪ್ಲೈವುಡ್ ಪ್ಯಾಲೆಟ್ಟಾಗಿದ್ದರೆ ಈ ಮುದ್ರೆ ಬೇಕಾಗುತ್ತಿರಲಿಲ್ಲ.

ಮುದ್ರೆಯಿರುವ ಪ್ಯಾಲೆಟ್ ಅಲ್ಲೇ ಕೊಂಡು ಚೀಲ ಬದಲಾಯಿಸುವಾಗ ಇನ್ನೊಂದು ತಪ್ಪು ಹೊರಬಿತ್ತು. ಪ್ಯಾಕಿಂಗ್ ಲಿಸ್ಟಿನಲ್ಲಿ ನಿವ್ವಳ 2,400 ಕೆಜಿ, ಒಟ್ಟು 2,430 ಅಂತ ಬರೆದಿದ್ದೆ. ಗೋಣಿ ಚೀಲದ ತೂಕ ಸೇರಿಸಿದ್ದೆ, ಪ್ಯಾಲೆಟ್ಟಿನದು ಮರೆತಿದ್ದೆ. ಹೊಸ ಪ್ಯಾಲೆಟ್ ಒಂದಕ್ಕೆ 22 ಕೆಜಿ. ನಾಲ್ಕಕ್ಕೆ 88. ಅಂದರೆ ಒಟ್ಟು 2,518. ಸಾಲದ್ದಕ್ಕೆ, ಪ್ಯಾಕೇಜ್ ಎಷ್ಟು ಅನ್ನುವಲ್ಲಿ ಇನ್‌ವಾಯ್ಸಿನಲ್ಲಿ 40, ಶಿಪ್ಪಿಂಗ್ ಬಿಲ್ಲಿನಲ್ಲಿ 4! ಎರಡೂ ಸುಳ್ಳಲ್ಲ, ಆದರೆ ಒಂದಕ್ಕೊಂದು ತಾಳೆಯಾಗಬೇಕಲ್ಲ. ಎಲ್ಲ ಕಡೆ "4 ಪ್ಯಾಲೆಟ್, ಅದರಲ್ಲಿ 40 ಚೀಲ" ಅಂತ ತಿದ್ದಿದೆವು. ಸರಕು ಹೊರಡಲು ಕಸ್ಟಮ್ಸ್‌ನವರ ಅಪ್ಪಣೆ, ಅಂದರೆ ಎಲ್‌ಇಒ, ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ತಿದ್ದುಪಡಿ ಹಗುರದಲ್ಲಿ ಮುಗಿಯಿತು. ಹಡಗು ಮಾತ್ರ ತಪ್ಪಿತು, ಮುಂದಿನ ವಾರದ್ದಕ್ಕೆ ಕಾಯಬೇಕಾಯಿತು. ಕೂಲಿ, ಗೋಡೌನ್ ಬಾಡಿಗೆ ಎಲ್ಲ ನನ್ನ ತಲೆಗೇ.

ಈಗ ಖಾಲಿ ಪ್ಯಾಲೆಟ್ಟನ್ನು ಮೊದಲು ತೂಗುತ್ತೇನೆ. ಮುದ್ರೆಯ ಫೋಟೋ ತೆಗೆದು ಲಾರಿ ಹೊರಡುವ ಮೊದಲೇ ಬ್ರೋಕರಿಗೆ ವಾಟ್ಸ್ಯಾಪ್ ಮಾಡುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ಲಿನ ಚೆಕ್‌ಲಿಸ್ಟ್ ಮೂರನ್ನೂ ಊಟದ ಮೇಜಿನ ಮೇಲೆ ಹರಡಿ, ಹೆಂಡತಿ ಒಂದೊಂದೇ ಅಂಕಿ ಓದುತ್ತಾಳೆ, ನಾನು ಟಿಕ್ ಹಾಕುತ್ತೇನೆ.

ಆಚಾರಿಯ ಪ್ಯಾಲೆಟ್ಟುಗಳು ಅದೇ ಲಾರಿಯಲ್ಲಿ ವಾಪಸ್ ಬಂದವು. ಮೂರರ ಮೇಲೆ ಗೊಬ್ಬರದ ಚೀಲ ಇದೆ. ನಾಲ್ಕನೆಯದರ ಮೇಲೆ ನಮ್ಮ ನಾಯಿ ಮಲಗುತ್ತದೆ.