ಬ್ರಿಟನ್‌ಗೆ ಬಂದಿಳಿದವರೇ, ಟಿಬಿ ರಕ್ತಪರೀಕ್ಷೆ ಬಿಡಬೇಡಿ

ವೀಸಾಕ್ಕೆ ಅಂತ ಊರಲ್ಲೇ ಎದೆಯ ಎಕ್ಸ್‌ರೇ ತೆಗೆಸಿ, ಟಿಬಿ ಇಲ್ಲ ಅನ್ನುವ ಸರ್ಟಿಫಿಕೇಟ್ ಹಿಡಿದುಕೊಂಡು ಬಂದಿರುತ್ತೀರಿ. ಆರು ತಿಂಗಳಿಗಿಂತ ಜಾಸ್ತಿ ಇರಲು ಬರುವವರಿಗೆ ಅದು ಕಡ್ಡಾಯ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಎಕ್ಸ್‌ರೇಯಲ್ಲಿ ಕಾಣುವುದು ಶ್ವಾಸಕೋಶದಲ್ಲಿ ಆಗಲೇ ಶುರುವಾದ ಕಾಯಿಲೆ. ಮೈಯೊಳಗೆ ಸುಮ್ನೆ ಮಲಗಿರುವ ಟಿಬಿ ಕ್ರಿಮಿ ಅದಕ್ಕೆ ಸಿಗುವುದಿಲ್ಲ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಬೆಳೆದ ಎಷ್ಟೋ ಜನರಲ್ಲಿ ಅದು ಇರುತ್ತದೆ. ಮಲಗಿರುವಷ್ಟು ದಿನ ಯಾರಿಗೂ ಅಂಟುವುದಿಲ್ಲ. ಆದರೆ ಅಂಥ ನೂರು ಮಂದಿಯಲ್ಲಿ 5ರಿಂದ 10 ಜನರಿಗೆ ಮುಂದೆ ಯಾವಾಗಲಾದರೂ ಕಾಯಿಲೆ ಬರಬಹುದು.

ಇಂಗ್ಲೆಂಡಿನಲ್ಲಿ ಟಿಬಿ ಬರುವವರಲ್ಲಿ ಹೆಚ್ಚಿನವರು ಬೇರೆ ದೇಶದಲ್ಲಿ ಹುಟ್ಟಿದವರು. ಎಷ್ಟೋ ಜನರಿಗೆ ಇಲ್ಲಿ ಬಂದು ವರ್ಷಗಳಾದ ಮೇಲೆ ಬರುತ್ತದೆ. ವಲಸೆ ಬಂದವರೇ ರೋಗ ತಂದರು ಅನ್ನುವ ಮಾತು ಕಿವಿಗೆ ಬಿದ್ದರೆ ಕುಗ್ಗಬೇಡಿ. 19ನೇ ಶತಮಾನದಲ್ಲಿ ಇದೇ ದೇಶದಲ್ಲಿ ಟಿಬಿಗೆ ಲೆಕ್ಕವಿಲ್ಲದಷ್ಟು ಜನ ಸತ್ತಿದ್ದಾರೆ. ಕ್ರಿಮಿ ಜನರ ಜೊತೆ ಊರೂರು ಸುತ್ತುತ್ತದೆ, ನಿಜ. ಅದು ಹಬ್ಬುವುದು ಮಾತ್ರ ಗಾಳಿಯಾಡದ ಇಕ್ಕಟ್ಟು ಮನೆಗಳಲ್ಲಿ, ಕಾಯಿಲೆ ಪತ್ತೆಯಾಗುವುದು ತಡವಾದಾಗ. ಬಾಡಿಗೆ ಉಳಿಸಲು ಒಂದೇ ರೂಮಿನಲ್ಲಿ ಮೂರ್ನಾಲ್ಕು ಜನ ಇರುವ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬಂದ ಕೂಡಲೇ ಜಿಪಿ (ನಿಮ್ಮ ಏರಿಯಾದ ಡಾಕ್ಟರ್) ಹತ್ತಿರ ಹೆಸರು ಬರೆಸಿ. ಭಾರತದಿಂದ ಬಂದು ಐದು ವರ್ಷ ತುಂಬದ, 16ರಿಂದ 35 ವಯಸ್ಸಿನವರಿಗೆ ಇಂಗ್ಲೆಂಡಿನ ಹಲವು ಕಡೆ ಈ ರಕ್ತಪರೀಕ್ಷೆ ಉಚಿತ. ಕರೆ ಬರದಿದ್ದರೆ ನೀವೇ ಕೇಳಿ. ಚಿಕ್ಕಂದಿನಲ್ಲಿ ಬಿಸಿಜಿ (ಟಿಬಿ ಲಸಿಕೆ) ಹಾಕಿಸಿದ್ದರೂ ಇದರ ಫಲಿತಾಂಶ ಏರುಪೇರಾಗುವುದಿಲ್ಲ. ಮಲಗಿದ ಕ್ರಿಮಿ ಇದೆ ಅಂತ ಬಂದರೆ ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಅದರಲ್ಲಿ ರಿಫಾಂಪಿಸಿನ್ ಅನ್ನುವ ಔಷಧಿ ಕೊಟ್ಟರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿಯಾಗಬೇಡಿ. ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸಿಗೂ ಬಣ್ಣ ಹತ್ತುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ನರ್ಸ್‌ಗೆ ಮೊದಲೇ ಹೇಳಿಬಿಡಿ. ರಿಫಾಂಪಿಸಿನ್ ಜೊತೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂರು ವಾರ ದಾಟಿದ ಕೆಮ್ಮು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕುತ್ತಿಗೆಯಲ್ಲಿ ಗಂಟು: ಇವನ್ನು ಹವಾ ಒಗ್ಗಿಲ್ಲ ಅಂತ ತಳ್ಳಿಹಾಕಬೇಡಿ. ಮದುವೆ ಮಾತುಕತೆಗೆ ಅಡ್ಡಿಯಾಗುತ್ತದೆ ಅಂತ ಮುಚ್ಚಿಡುವವರೂ ಇದ್ದಾರೆ. ಮುಚ್ಚಿಟ್ಟಷ್ಟೂ ಮನೆಯವರಿಗೇ ಅಪಾಯ, ಅಲ್ವಾ? ವೀಸಾ ಯಾವುದೇ ಇರಲಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಟಿಬಿ ಚಿಕಿತ್ಸೆ ಉಚಿತ.

ಇಲ್ಲೇ ಮಗು ಹುಟ್ಟಿದರೆ ಬಿಸಿಜಿ ಬಗ್ಗೆ ಸೂಲಗಿತ್ತಿ ನರ್ಸನ್ನು ಕೇಳಿ. ಇಲ್ಲಿ ಎಲ್ಲ ಮಕ್ಕಳಿಗೂ ಅದನ್ನು ಹಾಕುವುದಿಲ್ಲ. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿದವರಾದರೆ ಮಗುವಿಗೆ ಕೊಡುತ್ತಾರೆ.