ಬಿಟ್ಟಿ ಸಿಕ್ಕಿದ್ದಕ್ಕೂ ಬೆಲೆ ಬರೆದೆವು

ನಾನು ದಾವಣಗೆರೆಯಲ್ಲಿ ಅಂಗಡಿಯವರ ಜಿಎಸ್‌ಟಿ, ಆದಾಯ ತೆರಿಗೆ ಲೆಕ್ಕ ಬರೆಯುವವಳು. ರೇಸ್ ಕಾರಿಗೂ ನನಗೂ ನಂಟೇ ಇರಲಿಲ್ಲ. ಹೋದ ವರ್ಷ ಅಣ್ಣನ ಮಗ ಬಂದು, "ಅತ್ತೆ, ನಮ್ಮ ತಂಡದ ಲೆಕ್ಕ ನೀವೇ ನೋಡಿಕೊಡ್ಬೇಕು" ಅಂದ.

ಅವನ ಗೆಳೆಯರೆಲ್ಲ ಸೇರಿ, ಕಾಲೇಜು ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಒಂದು ಸೀಟಿನ ಕಾರು ಕಟ್ಟುತ್ತಿದ್ದರು. ಅಲ್ಲಿ 1000 ಅಂಕದಲ್ಲಿ 100 ಅಂಕ ಬರೀ ವೆಚ್ಚ ಮತ್ತು ತಯಾರಿಕೆಯ ಲೆಕ್ಕಕ್ಕೆ. ಹುಡುಗರು ತಾವಾಗಿಯೇ 5 ಲಕ್ಷ ರೂಪಾಯಿ ಮಿತಿ ಹಾಕಿಕೊಂಡಿದ್ದರು.

ಅವರ ಪುಸ್ತಕದಲ್ಲಿ ಖರ್ಚು 4,38,000 ಅಂತ ಇತ್ತು. ಬಿಲ್ಲುಗಳೂ ಸರಿಯಾಗಿದ್ದವು. ಆದರೆ ಅದು ಕೈಯಿಂದ ಹೋದ ದುಡ್ಡಿನ ಲೆಕ್ಕ, ಕಾರಿನ ಲೆಕ್ಕ ಅಲ್ಲ. ಇವೆರಡೂ ಬೇರೆ ಅಂತ ನನಗೆ ಚೆನ್ನಾಗಿ ಮನದಟ್ಟಾಗಿದ್ದು, ದೊಡ್ಡ ಕಾರ್ ರೇಸ್ ಆದ ಫಾರ್ಮುಲಾ ಒನ್‌ನ (ಎಫ್ ಒನ್) ನಿಯಮ ಓದಿದಾಗ. ಅಲ್ಲಿ 2021ರಲ್ಲಿ ಪ್ರತಿ ತಂಡದ ವರ್ಷದ ಖರ್ಚಿಗೆ ಮಿತಿ ಬಂತು, 14.5 ಕೋಟಿ ಡಾಲರ್. ತಂಡಕ್ಕೆ ಸಂಬಂಧಪಟ್ಟ ಇನ್ನೊಂದು ಕಂಪನಿ ಕಡಿಮೆ ಬೆಲೆಗೆ ಏನಾದರೂ ಕೊಟ್ಟರೆ, ಲೆಕ್ಕದಲ್ಲಿ ಮಾರುಕಟ್ಟೆ ಬೆಲೆಯನ್ನೇ ಹಿಡಿಯಬೇಕು. ಇಲ್ಲದಿದ್ದರೆ ದೊಡ್ಡ ಮನೆಯವರಿಗೆ ಮಿತಿಯೇ ಇರುವುದಿಲ್ಲ, ಅಲ್ವಾ?

ನಮ್ಮಲ್ಲೂ ಅದೇ ಆಗಿತ್ತು. ಚಕ್ರದ ನಡುವಿನ ಹಬ್‌ಗಳನ್ನೆಲ್ಲ ಒಬ್ಬ ಹುಡುಗನ ಸೋದರಮಾವನ ಲೇತ್ ಷಾಪಿನಲ್ಲಿ ಬಿಟ್ಟಿ ತಿರುವಿಸಿದ್ದರು. ಹಳೇ ಪಿ.ಬಿ. ರಸ್ತೆಯ ಆ ಷಾಪಿಗೆ ನೋಟ್‌ಬುಕ್ ಹಿಡಿದು ಹೋದೆ. "ಹೊರಗಿನವರಿಗಾದ್ರೆ ಗಂಟೆಗೆ ಎಷ್ಟು ತಗೋತೀರಿ?" ಅಂತ ಕೇಳಿದೆ. "ಬಿಡ್ರಿ ಅಕ್ಕಾ, ನಮ್ಮ ಹುಡುಗ್ರಲ್ವಾ" ಅಂದರು. ಚಹಾ ತರಿಸಿದರು. ಎರಡು ಲೋಟ ಚಹಾ ಆದ ಮೇಲೆ ಬಾಯಿ ಬಿಟ್ಟರು: ಗಂಟೆಗೆ 400. ಕೆಲಸ 32 ಗಂಟೆ. 12,800 ಅಂತ ಬರೆದೆ. ಹಳೇ ವಿದ್ಯಾರ್ಥಿಯೊಬ್ಬರು ಸುಮ್ನೆ ಕೊಟ್ಟಿದ್ದ ಸೆಕೆಂಡ್ ಹ್ಯಾಂಡ್ ಇಂಜಿನ್‌ಗೆ, ಮೂರು ಕಡೆ ವಿಚಾರಿಸಿ 45,000 ಬರೆದೆ.

ಹುಡುಗರಿಗೆ ಸಿಟ್ಟು ಬಂತು. "ಕೊಡದೇ ಇರೋ ದುಡ್ಡು ಯಾಕೆ ಅತ್ತೆ?" ಅಂದ ನಮ್ಮ ಹುಡುಗ. ಮುಂದಿನ ವರ್ಷದ ತಂಡದಲ್ಲಿ ಲೇತ್ ಷಾಪಿನ ಸೋದರಮಾವ ಯಾರಿಗೂ ಇಲ್ಲದಿದ್ದರೆ? ನಮ್ಮ ಪುಸ್ತಕ ನಂಬಿ ಹೊರಟವರು ಅರ್ಧದಲ್ಲೇ ಕೈ ಚೆಲ್ಲಬೇಕಾಗುತ್ತದೆ ಅಂತ ಹೇಳಿದೆ. ಒಪ್ಪಿದರು.

ಜಗಳ ಜೋರಾಗಿದ್ದು ಊಟದ ಚೀಟಿಗಳಿಗೆ. ರಾತ್ರಿ ಕೆಲಸದ ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ, ಎಲ್ಲ ಸೇರಿ 18,400. ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು. ಆಗ ಎಫ್ ಒನ್ ತಂಡ ರೆಡ್ ಬುಲ್‌ನ ಕಥೆ ಹೇಳಿದೆ. 2021ರ ಲೆಕ್ಕದಲ್ಲಿ ಅವರು ಮಿತಿಯಿಂದ ಹೊರಗಿಟ್ಟಿದ್ದ ಕೆಲವು ಖರ್ಚುಗಳನ್ನು, ರೇಸಿನ ನಿಯಮ ನೋಡಿಕೊಳ್ಳುವ ಸಂಸ್ಥೆ ಎಫ್‌ಐಎ ಒಪ್ಪಲಿಲ್ಲ. ಅದರಲ್ಲಿ ಊಟೋಪಚಾರದ ಖರ್ಚೂ ಇತ್ತು. ಮಿತಿ ಶೇ. 1.6ರಷ್ಟು ದಾಟಿತ್ತು. ದಂಡ 70 ಲಕ್ಷ ಡಾಲರ್, ಜೊತೆಗೆ ಕಾರಿನ ಮಾದರಿಗೆ ಗಾಳಿ ಹಾಯಿಸಿ ನೋಡುವ ಗಾಳಿ ಸುರಂಗದ ಪರೀಕ್ಷೆಗೂ ಕತ್ತರಿ. ಡಬ್ಬಿಯ ಚೀಟಿಗಳು ನನ್ನ ಮೇಜಿಗೆ ಬಂದವು.

ಟೀ ಶರ್ಟ್, ಸ್ಪರ್ಧೆಗೆ ಹೋಗುವ ರೈಲಿನ ಖರ್ಚು ಸೇರಿಸಲಿಲ್ಲ. ಎಫ್ ಒನ್‌ನಲ್ಲೂ ಪ್ರಚಾರದ ಖರ್ಚು, ಚಾಲಕರ ಸಂಬಳ ಮಿತಿಯ ಹೊರಗೆ.

ಕೊಂಡರೂ ಕಾರಿಗೆ ಹಾಕದ ಎರಡು ಟೈರು ಉಳಿದಿದ್ದವು, 24,000 ರೂಪಾಯಿಯವು. ಅವನ್ನು ಖರ್ಚಿನಿಂದ ತೆಗೆದು ಸ್ಟಾಕ್ ಪುಸ್ತಕಕ್ಕೆ ಹಾಕಿದೆ. ಒಟ್ಟು 4,90,200 ಆಯಿತು. ಮಿತಿ ಮುಟ್ಟಲು ಉಳಿದಿದ್ದು 9,800 ಮಾತ್ರ.

ಆ ವಾರವೇ ಓಡಿಸಿ ನೋಡುವಾಗ, ಚಕ್ರ ತಿರುಗಿಸುವ ಸ್ಟೇರಿಂಗ್ ಸರಳು ಟೈ ರಾಡ್ ಬಾಗಿತು. ಹೊಸದಕ್ಕೆ 2,600. ಯಾರೂ ಹೇಳುವ ಮೊದಲೇ ನಮ್ಮ ಹುಡುಗ ಬಿಲ್ ತಂದುಕೊಟ್ಟ. ಆ ಎರಡು ಟೈರು ಈಗ ಹೊಸ ವರ್ಷದ ಪುಟದ ಮೊದಲ ಸಾಲಿನಲ್ಲಿವೆ.