ಐವತ್ತು ದಾಟಿದ ಮೇಲೆ ವಿಟಮಿನ್: ದೊಡ್ಡ ಕರುಳಿನ ಕ್ಯಾನ್ಸರ್ ಲೆಕ್ಕದಲ್ಲಿ ಎಷ್ಟು, ಯಾವಾಗ?

ದೊಡ್ಡ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಪ್ರತಿ ಸಲವೂ ಜೀವಕೋಶ ತನ್ನ ಡಿಎನ್‌ಎ ನಕಲು ಮಾಡಬೇಕು. ನಕಲಿನಲ್ಲಿ ನುಸುಳಿದ ತಪ್ಪುಗಳು ವರ್ಷಗಟ್ಟಲೆ ಸೇರುತ್ತಾ ಹೋಗುವುದರಿಂದಲೇ ವಯಸ್ಸಿನ ಜೊತೆ ಈ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಫೋಲೇಟ್, ಅಂದರೆ ವಿಟಮಿನ್ ಬಿ9, ಕೆಲಸಕ್ಕೆ ಬರುವುದು ಈ ನಕಲಿನಲ್ಲೇ. ಅದು ಕಡಿಮೆಯಾದರೆ ಡಿಎನ್‌ಎಯಲ್ಲಿ ಥೈಮಿನ್ ಎಂಬ ಘಟಕ ಇರಬೇಕಾದ ಕಡೆ ಅಲ್ಲಿಗೆ ಸಲ್ಲದ ಯುರಾಸಿಲ್ ಸೇರುತ್ತದೆ. ಅದನ್ನು ಕಿತ್ತು ಸರಿಪಡಿಸುವಾಗ ಎಳೆಯೇ ತುಂಡಾಗಬಹುದು. ಬಿ2, ಬಿ6, ಬಿ12 ಇದೇ ಸರಪಳಿಯ ಕೊಂಡಿಗಳು.

ಹಾಗಾದರೆ ಫೋಲಿಕ್ ಆ್ಯಸಿಡ್ (ಫೋಲೇಟಿನ ಕೃತಕ ರೂಪ) ಮಾತ್ರೆ ನುಂಗಿದರೆ ಆಯಿತಲ್ಲ? ಆಗಲಿಲ್ಲ. ಮೊದಲೇ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು) ಬಂದಿದ್ದ 1,021 ಜನರ ಮೇಲಿನ ಪ್ರಯೋಗವೊಂದರ ಫಲಿತಾಂಶ 2007ರಲ್ಲಿ ಹೊರಬಂತು. ದಿನಕ್ಕೆ 1 ಮಿಲಿಗ್ರಾಂ ಕೊಟ್ಟರೂ ಹೊಸ ಪಾಲಿಪ್ ಕಡಿಮೆಯಾಗಲಿಲ್ಲ. ಮೂರು ಅಥವಾ ಹೆಚ್ಚು ಪಾಲಿಪ್ ಬೆಳೆದವರು ಮಾತ್ರೆ ತಿಂದವರಲ್ಲೇ ಹೆಚ್ಚಿದ್ದರು. ಮುಂದೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಕ್ಯಾನ್ಸರ್ ಗಮನಾರ್ಹವಾಗಿ ಹೆಚ್ಚಿದ್ದೂ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ. ಆರೋಗ್ಯವಾಗಿರುವ ಕೋಶಕ್ಕೆ ಬೇಕಾದದ್ದೇ ಹಾದಿ ತಪ್ಪಿದ ಕೋಶಕ್ಕೂ ಬೇಕು. ಫೋಲೇಟನ್ನು ತಡೆಯುವ ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧಿಯಾದದ್ದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲ ಹೆಜ್ಜೆ ಮಾತ್ರೆಯಲ್ಲ, ತಪಾಸಣೆ. ಕುಟುಂಬದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲದಿದ್ದರೂ 45–50ರ ಹೊತ್ತಿಗೆ ಶುರುಮಾಡಿ. ಇದ್ದರೆ ಇನ್ನೂ ಮುಂಚೆ, ವೈದ್ಯರು ಹೇಳಿದ ವಯಸ್ಸಿಗೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯಲ್ಲಿ ಅದನ್ನು ಕಂಡ ತಕ್ಷಣ ತೆಗೆದುಬಿಡಬಹುದು. ಯಾವ ವಿಟಮಿನ್ನಿಗೂ ಈ ಶಕ್ತಿಯಿಲ್ಲ.

ಎರಡನೆಯದು, ಮನೆಯಲ್ಲಿರುವ ಡಬ್ಬಿಗಳ ಲೆಕ್ಕ. ವಯಸ್ಕರಿಗೆ ದಿನಕ್ಕೆ ಸುಮಾರು 400 ಮೈಕ್ರೋಗ್ರಾಂ ಫೋಲೇಟ್ ಸಾಕು. ಮಾತ್ರೆ ಮತ್ತು ಬಲವರ್ಧಿತ (ವಿಟಮಿನ್ ಬೆರೆಸಿದ) ಹಿಟ್ಟು, ಸೀರಿಯಲ್‌ಗಳಿಂದ ಬರುವ ಫೋಲಿಕ್ ಆ್ಯಸಿಡ್ ಎಲ್ಲ ಸೇರಿ 1,000 ಮೈಕ್ರೋಗ್ರಾಂ ಮೀರಬಾರದು. ಮಲ್ಟಿವಿಟಮಿನ್ ಜೊತೆ ಬಿ-ಕಾಂಪ್ಲೆಕ್ಸ್, ಅದರ ಮೇಲೆ ‘ಕೂದಲಿಗೆ’ ಎಂದು ಇನ್ನೊಂದು ಡಬ್ಬಿ: ಮಿತಿ ದಾಟುವುದು ಹೀಗೆ, ಗೊತ್ತೇ ಆಗದೆ. ವೈದ್ಯರೇ ಹೆಚ್ಚಿನ ಪ್ರಮಾಣ ಬರೆದಿದ್ದರೆ ಮಾತ್ರ ತಾವಾಗಿ ನಿಲ್ಲಿಸಬೇಡಿ.

ಊಟದ ಫೋಲೇಟಿಗೆ ಇಂಥ ಮಿತಿ ಹಾಕಿಲ್ಲ. ಸೊಪ್ಪು, ಬೇಳೆಕಾಳುಗಳಲ್ಲಿ ಅದರ ಜೊತೆ ನಾರೂ ಸಿಗುತ್ತದೆ, ಕರುಳಿಗೆ ಅದೂ ಬೇಕು. ಫೋಲೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪನ್ನು ಹೆಚ್ಚುವ ಮುಂಚೆಯೇ ತೊಳೆಯಿರಿ, ಹಬೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿ. ಬೇಯಿಸಿದ ನೀರು ಚೆಲ್ಲಿದರೆ ಫೋಲೇಟಿನ ದೊಡ್ಡ ಪಾಲು ಅದರ ಜೊತೆಗೇ ಹೋಯಿತು. ಮದ್ಯ ಫೋಲೇಟ್ ಹೀರಿಕೆಯನ್ನೂ ಕೆಡಿಸುತ್ತದೆ, ಕ್ಯಾನ್ಸರ್ ಅಪಾಯವನ್ನೂ ಏರಿಸುತ್ತದೆ.

ವಯಸ್ಸಾದವರು ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಬಿ12 ವಿಷಯದಲ್ಲಿ. ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ ಅಷ್ಟೇ. ಆದರೆ ಜಠರದ ಆಮ್ಲ ಕಡಿಮೆಯಾದಂತೆ ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡುಗಡೆಯಾಗುವುದಿಲ್ಲ. ಮಾತ್ರೆಯ ಬಿ12 ಬಿಡಿಯಾಗಿರುವುದರಿಂದ ಆ ತೊಡಕಿಲ್ಲ. ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರು ಬಿ12 ರಕ್ತಪರೀಕ್ಷೆ ಮಾಡಿಸಿ, ಅದೂ ಫೋಲಿಕ್ ಆ್ಯಸಿಡ್ ಶುರುಮಾಡುವ ಮುಂಚೆ. ಕ್ರಮ ತಿರುವುಮುರುವಾದರೆ ಫೋಲಿಕ್ ಆ್ಯಸಿಡ್ ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಚುತ್ತದೆ, ಆ ಕೊರತೆಯಿಂದಾಗುವ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ವಿಟಮಿನ್ ಡಿ ಮೂಳೆಗೆ ಬೇಕು: 70ರ ವಯಸ್ಸಿನವರೆಗೆ ದಿನಕ್ಕೆ 600 ಐಯು (ಡಬ್ಬಿಯ ಮೇಲೆ IU ಎಂದು ಬರೆದಿರುವ ಅಳತೆ), ಆಮೇಲೆ 800. ಪಾಲಿಪ್ ತಡೆಯಲೆಂದು 1,000 ಐಯು ಕೊಟ್ಟು ನೋಡಿದ ದೊಡ್ಡ ಪ್ರಯೋಗ 2015ರಲ್ಲಿ ಪ್ರಯೋಜನ ತೋರಿಸಲಿಲ್ಲ.

ಕೊನೆಗೆ ಲ್ಯಾಬಿನ ಮಾತು. ಮಲದಲ್ಲಿ ರಕ್ತ ಹುಡುಕುವ ಹಳೆಯ ಗ್ವಾಯಕ್ ಪರೀಕ್ಷೆಗೆ ಮೂರು ದಿನ ಮುಂಚಿನಿಂದ ವಿಟಮಿನ್ ಸಿ ದಿನಕ್ಕೆ 250 ಮಿಲಿಗ್ರಾಂ ಒಳಗಿರಲಿ. ಹೆಚ್ಚಾದರೆ ರಕ್ತವಿದ್ದರೂ ಇಲ್ಲವೆಂದು ವರದಿ ಬರಬಹುದು. ಮಲದಲ್ಲಿ ರಕ್ತವನ್ನೇ ಹುಡುಕುವ ಹೊಸ ಎಫ್‌ಐಟಿ (FIT) ಪರೀಕ್ಷೆಗೆ ಈ ಪಥ್ಯ ಬೇಕಿಲ್ಲ. ಮಾದರಿ ಕೊಡುವ ಮುಂಚೆ ಯಾವ ಪರೀಕ್ಷೆ ಎಂದು ಕೇಳಿಕೊಳ್ಳಿ.